ಒಂದೇ ಗೇರು, ಏರಿಳಿತದ ಊರು: ಗಾಂಧಿ ಬಜಾರಿನಿಂದ ಮಲ್ಲೇಶ್ವರಕ್ಕೆ ಫಿಕ್ಸಿ

ಪ್ರಕರಣ ಇಷ್ಟು. ಬೆಳಿಗ್ಗೆ ಬಸವನಗುಡಿಯ ಗಾಂಧಿ ಬಜಾರಿನಿಂದ ಮಲ್ಲೇಶ್ವರದ 18ನೇ ಅಡ್ಡರಸ್ತೆಗೆ, ಸಂಜೆ ವಾಪಸ್ಸು. ಸವಾರನ ತೂಕ 70 ಕೆ.ಜಿ., ಸೈಕಲ್ಲು 10, ಬೆನ್ನಿನ ಚೀಲ 5, ಒಟ್ಟು 85. ಸೈಕಲ್ಲು ಸ್ಟೀಲ್ ಫ್ರೇಮಿನ ಫಿಕ್ಸ್ಡ್ ಗೇರು, ಅಂದರೆ ಚಕ್ರದ ಜೊತೆ ಪೆಡಲೂ ಸದಾ ತಿರುಗುವ ಫಿಕ್ಸಿ. ಮುಂದಿನ ಚೈನ್‌ವೀಲ್‌ಗೆ 48 ಹಲ್ಲು, ಹಿಂದಿನ ಕಾಗ್‌ಗೆ (ಹಿಂದಿನ ಚಕ್ರದ ಹಲ್ಲಿನ ಬಿಲ್ಲೆಗೆ) 16. ಟೈರು 700×25, ಕ್ರ್ಯಾಂಕ್ (ಪೆಡಲಿನ ತೋಳು) 165 ಮಿ.ಮೀ. ಜೊತೆಗೆ ಬಂದಿದ್ದ ಮುಂದಿನ ಬ್ರೇಕನ್ನು ಅಂದಕ್ಕೆಂದು ಬಿಚ್ಚಿಟ್ಟಾಗಿತ್ತು.

ಆರು ವಾರದಲ್ಲಿ ನಾಲ್ಕು ದೂರು ಬಂದವು. ಮೊಣಕಾಲ ಚಿಪ್ಪಿನ ಸುತ್ತ ನೋವು. ಹಿಂದಿನ ಟೈರು ಒಂದೇ ಒಂದು ಜಾಗದಲ್ಲಿ ಸವೆದು ಒಳಗಿನ ದಾರ ಕಾಣಿಸಿತು, ಉಳಿದೆಡೆ ಹೊಸದರಂತೆಯೇ ಇದೆ. ಚೈನು ಎರಡು ಸಲ ಕಳಚಿತು, ಎರಡು ಸಲವೂ ರಸ್ತೆಯುಬ್ಬಿನ ಮೇಲೆ. ಇಳಿಜಾರಿನಲ್ಲಿ ಕಾಲಿನಿಂದ ತಡೆದಾಗ ಹಿಂದಿನ ಹಬ್ಬಿನಲ್ಲಿ (ಚಕ್ರದ ನಡುಭಾಗದಲ್ಲಿ) ‘ಟಕ್’ ಅಂತ ಏನೋ ಜರುಗಿದ ಸದ್ದು. ಸವಾರ ಬಂದದ್ದು ‘ಬೆಂಗಳೂರು ಫಿಕ್ಸಿಗೆ ಆಗೋ ಊರಲ್ಲ’ ಎಂಬ ತೀರ್ಮಾನಕ್ಕೆ. ಅದರಲ್ಲಿ ಅರ್ಧ ನಿಜವಿದೆ. ಉಳಿದರ್ಧ ಗೇರು, ದಾರಿ ಮತ್ತು ಒಂದು ಬ್ರೇಕಿನ ತಪ್ಪು.

ಮೊದಲು ಒಂದು ಗೊಂದಲ ಬಿಡಿಸಬೇಕು. ಸಿಂಗಲ್ ಸ್ಪೀಡ್ ಮತ್ತು ಫಿಕ್ಸ್ಡ್ ಗೇರ್ ಎರಡಕ್ಕೂ ಗೇರು ಒಂದೇ. ಸಿಂಗಲ್ ಸ್ಪೀಡಿಗೆ ಫ್ರೀವೀಲ್ ಇರುತ್ತದೆ, ತುಳಿಯುವುದನ್ನು ನಿಲ್ಲಿಸಿದರೂ ಚಕ್ರ ಉರುಳುತ್ತದೆ. ಹಾಲು, ಪೇಪರ್ ಹಾಕುವವರ ಕರಿ ಸೈಕಲ್ಲು ಸಿಂಗಲ್ ಸ್ಪೀಡೇ. ಆ ಅರ್ಥದಲ್ಲಿ ಬೆಂಗಳೂರು ಒಂದು ಗೇರಿನಲ್ಲಿ ಓಡಾಡುತ್ತ ಬಂದು ತಲೆಮಾರುಗಳೇ ಕಳೆದಿವೆ. ಫಿಕ್ಸ್ಡ್‌ನಲ್ಲಿ ಫ್ರೀವೀಲ್ ಇಲ್ಲ. ಚಕ್ರ ತಿರುಗುವಷ್ಟು ಹೊತ್ತು ಪೆಡಲೂ ತಿರುಗುತ್ತದೆ, ಅದರ ಜೊತೆ ಕಾಲೂ ತಿರುಗಬೇಕು. ಇದರ ನೆಲೆ ವೆಲೋಡ್ರೋಮು, ಅಂದರೆ ಸೈಕಲ್ ಪಂದ್ಯದ ಟ್ರ್ಯಾಕು. ಅಲ್ಲಿ ಸಿಗ್ನಲ್ಲಿಲ್ಲ, ಉಬ್ಬಿಲ್ಲ, ಹಸು ಅಡ್ಡ ಬರುವುದಿಲ್ಲ. ಬೀದಿಗೆ ತಂದು ಹೆಸರು ಮಾಡಿದ ನ್ಯೂಯಾರ್ಕಿನ ಸೈಕಲ್ ಮೆಸೆಂಜರ್‌ಗಳ (ಪತ್ರ, ಪೊಟ್ಟಣ ಮುಟ್ಟಿಸುವವರ) ಮ್ಯಾನ್‌ಹಟನ್ನೂ ಬಹುಪಾಲು ಸಪಾಟು. 48/16ರಂತಹ ಗೇರು ಆ ಲೋಕದ್ದು.

ನೆಲದ ಲೆಕ್ಕ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಪ್ರಸ್ಥಭೂಮಿ. ನಗರದೊಳಗಿನ ಅತಿ ಎತ್ತರದ ಜಾಗ ಎನಿಸಿದ ದೊಡ್ಡಬೆಟ್ಟಹಳ್ಳಿ 962 ಮೀಟರ್. ಊರಿನ ನಡುವೆ ಉತ್ತರದಿಂದ ದಕ್ಷಿಣಕ್ಕೆ ಒಂದು ಏಣು, ಅಂದರೆ ಉದ್ದನೆಯ ದಿಣ್ಣೆ, ಹಾದುಹೋಗುತ್ತದೆ. ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿಗೆ, ಪೂರ್ವಕ್ಕೆ ಬಿದ್ದದ್ದು ದಕ್ಷಿಣ ಪಿನಾಕಿನಿಗೆ. ವೃಷಭಾವತಿ, ಕೋರಮಂಗಲ–ಚಲ್ಲಘಟ್ಟ, ಹೆಬ್ಬಾಳ ಎಂಬ ಮೂರು ಮುಖ್ಯ ಕಣಿವೆಗಳು ಇದನ್ನು ಕೊರೆದಿವೆ. ಸೈಕಲ್ಲಿನವನಿಗೆ ನಕಾಶೆ ಬೇಕಿಲ್ಲ, ಹೆಸರು ಸಾಕು. ದಿಣ್ಣೂರು, ಗುಡ್ಡದಹಳ್ಳಿ, ಹೈ ಗ್ರೌಂಡ್ಸ್ ಎಂದರೆ ಏರು. ಕೋಣನಕುಂಟೆ, ಹೊಸಕೆರೆಹಳ್ಳಿ ಎಂದರೆ ತಗ್ಗು. ಹೆಸರು ಅಳಿಸಿಹೋದ ತಗ್ಗುಗಳೂ ಇವೆ: ಮೆಜೆಸ್ಟಿಕ್ ಬಸ್ ನಿಲ್ದಾಣ ನಿಂತಿರುವುದು ಧರ್ಮಾಂಬುಧಿ ಕೆರೆಯಂಗಳದಲ್ಲಿ, ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯಲ್ಲಿ.

ಇಲ್ಲಿನ ಏರುಗಳು ಎದೆ ನಡುಗಿಸುವಂಥವಲ್ಲ. ಬಯಲು ನೆಲದ ರಸ್ತೆಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ (ಐ.ಆರ್.ಸಿ.) ಇಟ್ಟಿರುವ ಸಾಮಾನ್ಯ ಮಿತಿ ಶೇ. 3.3, ಅಂದರೆ 30 ಮೀಟರಿಗೆ ಒಂದು ಮೀಟರ್. ಅದರ ಮೇಲಿನ ಮಿತಿ ಶೇ. 5. ದೊಡ್ಡ ರಸ್ತೆಗಳಲ್ಲಿ ಇದಕ್ಕಿಂತ ಬಹಳ ಮೀರಿದ್ದು ಅಪರೂಪ, ಹಳೆಯ ಬಡಾವಣೆಗಳ ಅಡ್ಡರಸ್ತೆಗಳಲ್ಲಿ ಧಾರಾಳ. ಮಂಗಳೂರಿನ ಕದ್ರಿ, ಲೈಟ್‌ಹೌಸ್ ಹಿಲ್ ಕಡೆಯ ಏರುಗಳ ಮುಂದೆ ಇದು ಏನೂ ಅಲ್ಲ. ಹಾಗಿದ್ದರೂ ಮೊಣಕಾಲು ನೋಯುವುದೇಕೆ?

ಕಾರಣ ಕಡಿದಾದ ಏರಲ್ಲ, ಏರಿನ ಬುಡದ ಸಿಗ್ನಲ್ಲು. ಇಳಿಜಾರಿನಲ್ಲಿ ಗಳಿಸಿದ ವೇಗ ಮುಂದಿನ ಏರಿಗೆ ಮುಂಗಡ ಇದ್ದಂತೆ. ಗಂಟೆಗೆ 25 ಕಿ.ಮೀ. ವೇಗದಲ್ಲಿ ಏರಿಗೆ ನುಗ್ಗಿದರೆ ಆ ವೇಗವೊಂದೇ ಸುಮಾರು ಎರಡೂವರೆ ಮೀಟರ್ ಮೇಲಕ್ಕೆ ಎತ್ತಿಕೊಡುತ್ತದೆ, ಶೇ. 5ರ ಏರಿನಲ್ಲಿ ಅದು 50 ಮೀಟರ್ ರಸ್ತೆ. 30 ಕಿ.ಮೀ. ಇದ್ದರೆ 70 ಮೀಟರ್. ಗೇರಿಲ್ಲದ ಸೈಕಲ್ಲು ಏರಿಳಿತದ ನೆಲದಲ್ಲಿ ಬದುಕುವುದೇ ಈ ಮುಂಗಡದ ಮೇಲೆ. ಬೆಂಗಳೂರಿನಲ್ಲಾದರೋ ತಗ್ಗಿನಲ್ಲೇ ರಾಜಕಾಲುವೆ, ತಗ್ಗಿನಲ್ಲೇ ರೈಲ್ವೆ ಕೆಳಸೇತುವೆ, ತಗ್ಗಿನಲ್ಲೇ ಮಾರುಕಟ್ಟೆ, ಇವೆಲ್ಲ ಕೂಡುವ ವೃತ್ತದಲ್ಲಿ ಕೆಂಪು ದೀಪ. ಗಳಿಸಿದ್ದು ಅಲ್ಲಿಗೆ ಸೊನ್ನೆ. ಏರು ಶುರುವಾಗುವುದು ನಿಂತ ಸೈಕಲ್ಲಿನಿಂದ, ಹಿಂದೆ ಬಿ.ಎಂ.ಟಿ.ಸಿ. ಬಸ್ಸಿನ ಹಾರನ್ನಿನೊಂದಿಗೆ.

ದಾರಿ ಬದಲು

ಸವಾರ ಹಿಡಿದಿದ್ದ ದಾರಿ ಹತ್ತಿರದ್ದು: ಬುಲ್ ಟೆಂಪಲ್ ರಸ್ತೆಯಲ್ಲಿ ಚಾಮರಾಜಪೇಟೆಗೆ ಇಳಿದು, ಮೆಜೆಸ್ಟಿಕ್ ಬಳಸಿ, ಮಲ್ಲೇಶ್ವರಕ್ಕೆ ಹತ್ತುವುದು. ಸುಮಾರು 9 ಕಿ.ಮೀ. ಬುಲ್ ಟೆಂಪಲ್ಲಿನ ದಿಬ್ಬದಿಂದ ಹಳೆಯ ಕೆರೆಯಂಗಳಕ್ಕೆ ಬಿದ್ದು, ಕಳೆದುಕೊಂಡ ಎತ್ತರವನ್ನು ಮತ್ತೆ ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ತುಣುಕು ತುಣುಕಾಗಿ ಗಳಿಸಬೇಕು.

ಸೂಚಿಸಿದ ಬದಲಿ ದಾರಿ ಒಂದು ಕಿಲೋಮೀಟರಿನಷ್ಟು ಹೆಚ್ಚು: ಲಾಲ್‌ಬಾಗ್ ಪಶ್ಚಿಮ ದ್ವಾರ, ಮಿನರ್ವ ವೃತ್ತ, ಟೌನ್‌ಹಾಲ್, ಹಡ್ಸನ್ ವೃತ್ತ, ನೃಪತುಂಗ ರಸ್ತೆ, ಕೆ.ಆರ್. ವೃತ್ತ, ಬಸವೇಶ್ವರ ವೃತ್ತ (ಹಳಬರ ಬಾಯಲ್ಲಿ ಇನ್ನೂ ಚಾಲುಕ್ಯ ಸರ್ಕಲ್), ಸ್ಯಾಂಕಿ ರಸ್ತೆ, ಭಾಷ್ಯಂ ವೃತ್ತ, ಅಲ್ಲಿಂದ ಸ್ಯಾಂಕಿ ಕೆರೆಯ ಮಗ್ಗುಲಲ್ಲೇ 18ನೇ ಅಡ್ಡರಸ್ತೆ. ಇಲ್ಲಿ ಏರಿಳಿತವೇ ಇಲ್ಲವೆಂದಲ್ಲ, ಉದ್ದಕ್ಕೂ ಹಂಚಿಹೋಗಿದೆ. ಒಮ್ಮುಖ ಸಂಚಾರದ ತುಂಡುಗಳಿಂದಾಗಿ ಹೋಗುವ ದಾರಿ, ಬರುವ ದಾರಿ ಒಂದೇ ಆಗುವುದಿಲ್ಲ. ಭಾನುವಾರ ಬೆಳಿಗ್ಗೆ ಎರಡೂ ದಿಕ್ಕಿನಲ್ಲಿ ಒಮ್ಮೆ ಓಡಿಸಿ ನೋಡುವುದು ಒಳ್ಳೆಯದು.

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ‘ದಿ ವಿಗ್ಲ್’ ಎಂಬ ಸೈಕಲ್ ದಾರಿಯಿದೆ. ಮಾರ್ಕೆಟ್ ಸ್ಟ್ರೀಟಿನಿಂದ ಗೋಲ್ಡನ್ ಗೇಟ್ ಪಾರ್ಕಿನ ಕಡೆಗೆ, ಗುಡ್ಡಗಳನ್ನು ತಪ್ಪಿಸಿ, ಅಂಕುಡೊಂಕಾಗಿ ತಗ್ಗನ್ನೇ ಹಿಡಿದು ಸಾಗುತ್ತದೆ. ಸರಾಸರಿ ಏರು ಶೇ. 3ರ ಆಸುಪಾಸು. ಬೆಂಗಳೂರಿಗೆ ಆ ಉಪಾಯ ತಲೆಕೆಳಗು. ಇಲ್ಲಿ ತಗ್ಗು ಹಿಡಿದರೆ ಕಾಲುವೆ, ಕೊಳಚೆ, ಜಂಕ್ಷನ್ನು. ಏಣು ಹಿಡಿದು ಸಾಗುವುದೇ ಇಲ್ಲಿನ ವಿಗ್ಲ್.

48/16 ಯಾಕೆ ತಪ್ಪು

ಪೆಡಲು ಒಂದು ಸುತ್ತು ಬಂದರೆ ಸೈಕಲ್ಲು ಎಷ್ಟು ದೂರ ಹೋಗುತ್ತದೆ ಎಂಬುದೇ ಗೇರಿನ ಸರಿಯಾದ ಅಳತೆ. ಮುಂದಿನ ಹಲ್ಲನ್ನು ಹಿಂದಿನ ಹಲ್ಲಿನಿಂದ ಭಾಗಿಸಿ, ಚಕ್ರದ ಸುತ್ತಳತೆಯಿಂದ ಗುಣಿಸಬೇಕು. 700×25 ಟೈರಿನ ಸುತ್ತಳತೆ 2.105 ಮೀಟರ್. 48/16ಕ್ಕೆ 6.3 ಮೀಟರ್ ಬರುತ್ತದೆ. ಏರಿನಲ್ಲಿ ಗಂಟೆಗೆ 12 ಕಿ.ಮೀ. ಹೋಗುವಾಗ ಪೆಡಲು ನಿಮಿಷಕ್ಕೆ ಬರೀ 32 ಸುತ್ತು. ಇದು ತುಳಿಯುವುದಲ್ಲ, ಬಾವಿಯಿಂದ ಕೊಡ ಎಳೆಯುವುದು.

ಬಲದ ಲೆಕ್ಕ: 85 ಕೆ.ಜಿ. ತೂಕಕ್ಕೆ ಶೇ. 5ರ ಏರಿನಲ್ಲಿ ಹಿಂದಕ್ಕೆಳೆಯುವ ಬಲ ಸುಮಾರು 42 ನ್ಯೂಟನ್, ಟೈರಿನ ಉರುಳು ತಡೆ ಇನ್ನೊಂದು 5. 48/16ರಲ್ಲಿ ಇದಕ್ಕೆ ಪೆಡಲಿನ ಮೇಲೆ ಸರಾಸರಿ 29 ಕೆ.ಜಿ. ಭಾರದಷ್ಟು ಒತ್ತಡ ಬೇಕು. ಕಾಲು ಸುತ್ತಿನುದ್ದಕ್ಕೂ ಒಂದೇ ಸಮ ಒತ್ತುವುದಿಲ್ಲ, ಶಿಖರದಲ್ಲಿ ಅದು ಒಂದೂವರೆ ಪಟ್ಟು ಮೀರುತ್ತದೆ: 45 ಕೆ.ಜಿ. ನಿಂತಲ್ಲಿಂದ ಎತ್ತುವಾಗ ಇನ್ನೂ ಹೆಚ್ಚು. ಅದನ್ನು ಬಗ್ಗಿದ ಮೊಣಕಾಲು ದಿನಕ್ಕೆ ಎಷ್ಟು ಸಿಗ್ನಲ್ಲೋ ಅಷ್ಟು ಸಲ ಹೊರಬೇಕು.

ಬದಲಿಸಿದ್ದು ಹಿಂದಿನ ಕಾಗ್ ಒಂದನ್ನೇ, 16ರಿಂದ 19ಕ್ಕೆ. ಟೈರಿನ ಅಗಲ 25ರಿಂದ 28 ಮಿ.ಮೀ.ಗೆ ಏರಿತು, ಸುತ್ತಳತೆ 2.136 ಮೀಟರ್. ಈಗ ಒಂದು ಸುತ್ತಿಗೆ 5.4 ಮೀಟರ್. ಅದೇ ಏರಿನಲ್ಲಿ ಸರಾಸರಿ ಒತ್ತಡ 25 ಕೆ.ಜಿ., ಶಿಖರ 39. ಗಂಟೆಗೆ 20 ಕಿ.ಮೀ. ವೇಗಕ್ಕೆ ನಿಮಿಷಕ್ಕೆ 62 ಸುತ್ತು, 25ಕ್ಕೆ 77. ಟ್ರಾಫಿಕ್ಕಿನ ನಡುವೆ ಸಿಗುವ ವೇಗವೇ ಅಷ್ಟು.

ಇದಕ್ಕೆ ಬೆಲೆ ತೆರಬೇಕಾದದ್ದು ಇಳಿಜಾರಿನಲ್ಲಿ. 30 ಕಿ.ಮೀ.ಗೆ 93 ಸುತ್ತು, 35ಕ್ಕೆ 108. ಫಿಕ್ಸಿಯಲ್ಲಿ ಕಾಲಿಗೆ ಬಿಡುವಿಲ್ಲ, ಆದ್ದರಿಂದ 108ರ ಆಚೆ ಅಭ್ಯಾಸವಿಲ್ಲದವರು ಸೀಟಿನ ಮೇಲೆ ಪುಟಿಯತೊಡಗುತ್ತಾರೆ. ‘ಇಳಿಜಾರಿಗೆ ದೊಡ್ಡ ಗೇರು ಬೇಕು’ ಎಂಬ ವಾದ ಹುಟ್ಟುವುದು ಇಲ್ಲಿಂದಲೇ. ಒಪ್ಪುವಂಥದ್ದಲ್ಲ. ಇಳಿಜಾರಿನಲ್ಲಿ ಬ್ರೇಕು ಹಿಡಿದು 30ರೊಳಗೆ ಇರಬಹುದು. ಏರಿನಲ್ಲಿ ಹಿಡಿಯಲು ಏನೂ ಇಲ್ಲ. ಬೆಂಗಳೂರಿಗೆ ಗೇರು ಆರಿಸುವಾಗ ದಾರಿಯ ಸರಾಸರಿ ನೋಡಬಾರದು, ದಾರಿಯ ಅತಿ ಕೆಟ್ಟ ಸಿಗ್ನಲ್ಲಿನಿಂದ ಹೊರಡುವ ಮೊದಲ ಐದು ತುಳಿತ ನೋಡಬೇಕು. ಸಾಮಾನ್ಯ ಸವಾರನಿಗೆ 5.2ರಿಂದ 5.6 ಮೀಟರ್ ಸರಿಹೊಂದುತ್ತದೆ.

18 ಬಿಟ್ಟು 19 ಯಾಕೆ? ಉತ್ತರ ಸವೆದ ಟೈರಿನಲ್ಲಿದೆ. 48ನ್ನು 16ರಿಂದ ಭಾಗಿಸಿದರೆ ಸರಿಯಾಗಿ 3. ಪೆಡಲು ಒಂದು ಸುತ್ತು ಬಂದಾಗ ಚಕ್ರ ಸರಿಯಾಗಿ ಮೂರು ಸುತ್ತು. ಸವಾರ ಪೆಡಲನ್ನು ಕಾಲಿನಿಂದ ತಡೆಹಿಡಿದು, ಹಿಂದಿನ ಚಕ್ರ ಜಾರಿಸಿ ನಿಲ್ಲಿಸುವಾಗ ಪ್ರತಿಸಲವೂ ಬಲಗಾಲು ಮುಂದಿರುತ್ತದೆ. ಹಾಗಾಗಿ ಪ್ರತಿಸಲವೂ ಟೈರಿನ ಅದೇ ಜಾಗ ರಸ್ತೆಗೆ ಉಜ್ಜುತ್ತದೆ. ಎಡಗಾಲಿನಲ್ಲೂ ಜಾರಿಸಲು ಬಂದರೆ ಎರಡು ಜಾಗ, ಅಷ್ಟೆ. 48/18ನ್ನು ಸಂಕ್ಷೇಪಿಸಿದರೆ 8/3, ಮೂರು ಜಾಗ. 48/19 ಸಂಕ್ಷೇಪವಾಗುವುದಿಲ್ಲ, 19 ಜಾಗಕ್ಕೆ ಸವೆತ ಹಂಚಿಹೋಗುತ್ತದೆ. ಭಿನ್ನರಾಶಿಯನ್ನು ಸಂಕ್ಷೇಪಿಸಿದಾಗ ಕೆಳಗೆ ಉಳಿಯುವ ಸಂಖ್ಯೆಯೇ ಟೈರಿನ ಆಯುಸ್ಸು. ಕಾಗ್ ಕೊಳ್ಳುವಾಗ 17 ಅಥವಾ 19 ಕೇಳುವುದು ಇದಕ್ಕೇ.

ಕಾಗ್ ಬದಲಿಸುವಾಗ

‘ಟಕ್’ ಸದ್ದಿನ ಮೂಲ ಸಡಿಲ ಲಾಕ್‌ರಿಂಗು, ಅಂದರೆ ಕಾಗ್ ಬಿಚ್ಚಿಕೊಳ್ಳದಂತೆ ಹಿಡಿಯುವ ಬಳೆ. ಹಬ್ಬಿನ ಮೇಲೆ ಎರಡು ಥ್ರೆಡ್ ಇರುತ್ತವೆ. ಕಾಗ್ ಕೂರುವುದು ಬಲಮುರಿ, ಅದರ ಮೇಲಿನ ಲಾಕ್‌ರಿಂಗ್ ಎಡಮುರಿ. ಕಾಲಿನಿಂದ ತಡೆದಾಗ ಕಾಗ್ ಬಿಚ್ಚಿಕೊಳ್ಳಲು ನೋಡುತ್ತದೆ, ಆಗ ಲಾಕ್‌ರಿಂಗ್ ಬಿಗಿಯಾಗುತ್ತ ಅದನ್ನು ಹಿಡಿಯುತ್ತದೆ. ಮೊದಲೇ ಸಡಿಲವಿದ್ದರೆ ಕಾಗ್ ಹಿಂದೆ ಮುಂದೆ ಆಡಿ ಹಬ್ಬಿನ ಥ್ರೆಡ್ಡನ್ನೇ ತಿಂದುಹಾಕುತ್ತದೆ. ಥ್ರೆಡ್ ಹೋದರೆ ಹಬ್ ಹೋಯಿತು.

ಲಾಕ್‌ರಿಂಗ್ ಬಿಚ್ಚಲು ಗಡಿಯಾರದ ದಿಕ್ಕಿಗೇ ತಿರುಗಿಸಬೇಕು. ಎಡಮುರಿ ಎಂಬುದನ್ನು ಮರೆತು ಮಾಮೂಲು ದಿಕ್ಕಿಗೆ ಹೊಡೆದು ಕಚ್ಚು ಮುರಿಯುವುದು ರಸ್ತೆಬದಿ ಅಂಗಡಿಗಳಲ್ಲಿ ಮಾಮೂಲು. ಸುತ್ತಿಗೆ, ಉಳಿ ಬೇಡ. ಕೊಕ್ಕೆ ಸ್ಪ್ಯಾನರ್ ಇಲ್ಲದ ಅಂಗಡಿಯಲ್ಲಿ ಈ ಕೆಲಸ ಮಾಡಿಸಬೇಡಿ. ಆಮೇಲೆ ಚೈನ್ ವಿಪ್ (ತುಂಡು ಚೈನಿರುವ ಹಿಡಿಕೆ) ಹಿಡಿದು ಕಾಗ್ ಅನ್ನು ಗಡಿಯಾರದ ವಿರುದ್ಧ ದಿಕ್ಕಿಗೆ ಬಿಚ್ಚಿ, ಥ್ರೆಡ್ಡನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ, ತೆಳ್ಳಗೆ ಗ್ರೀಸ್ ಹಚ್ಚಿ ಹೊಸದನ್ನು ಕೂರಿಸಬೇಕು. ಲಾಕ್‌ರಿಂಗ್ ಬಿಗಿದ ಮೇಲೆ ಒಂದೆರಡು ಕಿ.ಮೀ., ಏರಿನಲ್ಲಿ ಜೋರಾಗಿ ತುಳಿದು, ನಿಲ್ಲಿಸಲು ಬ್ರೇಕನ್ನಷ್ಟೇ ಬಳಸಿ ಓಡಿಸಬೇಕು. ತುಳಿತಕ್ಕೆ ಕಾಗ್ ಇನ್ನೂ ಸ್ವಲ್ಪ ಒಳಗೆ ಕೂರುತ್ತದೆ, ಲಾಕ್‌ರಿಂಗ್ ಅಷ್ಟೇ ಸಡಿಲವಾಗುತ್ತದೆ. ಆಗ ಮತ್ತೊಮ್ಮೆ ಬಿಗಿಯಬೇಕು. ಈ ಎರಡನೇ ಬಿಗಿತವನ್ನು ಬಿಟ್ಟದ್ದೇ ಈ ಸೈಕಲ್ಲಿನ ‘ಟಕ್’.

ಮೂರು ಹಲ್ಲು ಹೆಚ್ಚಿದರೆ ಅದೇ ಚೈನಿಗೆ ಹಿಂದಿನ ಚಕ್ರ ಸುಮಾರು ಒಂಬತ್ತೂವರೆ ಮಿ.ಮೀ. ಮುಂದಕ್ಕೆ ಬರಬೇಕು. ಫ್ರೇಮಿನ ಹಿಂದಿನ ಸೀಳಿನಲ್ಲಿ ಅಷ್ಟು ಜಾಗ ಸಾಮಾನ್ಯವಾಗಿ ಇರುತ್ತದೆ. ಇಲ್ಲದಿದ್ದರೆ ಅಥವಾ ಟೈರು ಫ್ರೇಮಿಗೆ ತಾಗಿದರೆ ಒಂದು ಜೋಡಿ ಕೊಂಡಿ ಹೆಚ್ಚಿಸಬೇಕು.

ಚೈನು ಕಳಚಿದ್ದರ ಕಾರಣವೂ ಅಲ್ಲೇ ಸಿಕ್ಕಿತು. ಮಧ್ಯದಲ್ಲಿ ಬೆರಳಿನಿಂದ ಒತ್ತಿದರೆ 25 ಮಿ.ಮೀ. ಆಡುತ್ತಿತ್ತು, ಇರಬೇಕಾದ್ದು 10ರಿಂದ 12. ಯಾವ ಚೈನ್‌ವೀಲೂ ಪೂರಾ ದುಂಡಗಿರುವುದಿಲ್ಲ. ಪೆಡಲು ನಿಧಾನ ತಿರುಗಿಸುತ್ತ ಅತಿ ಬಿಗಿಯಾದ ಜಾಗ ಹುಡುಕಿ ಅಲ್ಲಿ 10 ಮಿ.ಮೀ. ಆಟ ಬಿಡಬೇಕು. ಅದಕ್ಕಿಂತ ಬಿಗಿದರೆ ಬೇರಿಂಗು ಅಳುತ್ತದೆ. ಸವೆತ ನೋಡಲು ಮಕ್ಕಳ 12 ಇಂಚಿನ ಸ್ಕೇಲು ಸಾಕು: ಹೊಸ ಚೈನಿನ 24 ಕೊಂಡಿ ಸರಿಯಾಗಿ 304.8 ಮಿ.ಮೀ.; 307 ದಾಟಿದರೆ ಬದಲಿಸುವ ಕಾಲ. ಸಿಂಗಲ್ ಸ್ಪೀಡಿನಲ್ಲಿ ಚೈನು ಕಳಚಿದರೆ ಕೈಗೆ ಮಸಿ. ಫಿಕ್ಸಿಯಲ್ಲಿ ಅದು ಕಾಗ್‌ಗೆ ಸುತ್ತಿಕೊಂಡರೆ ಹಿಂದಿನ ಚಕ್ರ ಅಲ್ಲೇ ಹಿಡಿದು ನಿಲ್ಲುತ್ತದೆ.

ಉಬ್ಬು ಮತ್ತು ಪೆಡಲು

ಫಿಕ್ಸಿಯವರು ಏರಿನ ಬಗ್ಗೆ ಮಾತಾಡುವಷ್ಟು ಉಬ್ಬಿನ ಬಗ್ಗೆ ಮಾತಾಡುವುದಿಲ್ಲ. ಬೆಂಗಳೂರಿನಲ್ಲಿ ಆಡಬೇಕಾದ ಮಾತು ಅದೇ. ಈ ಸೈಕಲ್ಲಿನ ಪೆಡಲು ಕೆಳಗಿದ್ದಾಗ ನೆಲಕ್ಕೂ ಅದಕ್ಕೂ ಇರುವ ಅಂತರ ಸುಮಾರು 105 ಮಿ.ಮೀ. ಐ.ಆರ್.ಸಿ. ಅಳತೆಯ ಉಬ್ಬು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, ಎರಡೂ ಚಕ್ರ ಅದರ ಮೇಲೆಯೇ ಹತ್ತಿ ಇಳಿಯುವುದರಿಂದ ಪೆಡಲು ತಾಗುವ ಮಾತೇ ಇಲ್ಲ. ತಾಗುವುದು ಬಡಾವಣೆಯವರೇ ಟಾರು ಸುರಿದು ಕಟ್ಟಿಕೊಂಡ ಗಿಡ್ಡ ಅಗಲದ, ಗೇಣೆತ್ತರದ ದಿಮ್ಮಿಗಳಿಗೆ. ಫ್ರೀವೀಲ್ ಇದ್ದವನು ಎರಡೂ ಪೆಡಲನ್ನು ಸಮ ಇಟ್ಟು ದಾಟುತ್ತಾನೆ. ಫಿಕ್ಸಿಯವನಿಗೆ ಆ ಆಯ್ಕೆ ಇಲ್ಲ. ಉಬ್ಬಿಗೆ ಮುಂಚೆ ನಡಿಗೆಯ ವೇಗಕ್ಕೆ ಇಳಿದು, ಸೀಟಿನಿಂದ ಸ್ವಲ್ಪ ಎದ್ದು, ಕಾಲು ತಿರುಗಲು ಬಿಟ್ಟು ದಾಟಬೇಕು. ಆಗ ತಾಗಿದರೂ ಸದ್ದು ಬರುತ್ತದೆ, ಬೀಳುವುದಿಲ್ಲ.

ತಿರುವಿನಲ್ಲೂ ಇದೇ. 105 ಮಿ.ಮೀ. ಅಂತರವಿದ್ದರೆ ಸಮನೆಲದಲ್ಲಿ 30 ಡಿಗ್ರಿಯಷ್ಟು ವಾಲಬಹುದು, ಅದು ಬೇಕಾದಷ್ಟಾಯಿತು. ಆದರೆ ಕುಸಿದ ಮ್ಯಾನ್‌ಹೋಲ್, ವೈಟ್ ಟಾಪಿಂಗ್ (ಕಾಂಕ್ರೀಟ್ ಹೊದಿಕೆ) ಅಂಚಿನ ಮೆಟ್ಟಿಲು, ಡಾಂಬರಿನ ತೇಪೆ ಒಳಬದಿಗೆ ಸಿಕ್ಕಿದರೆ ಅಷ್ಟೂ ಲೆಕ್ಕ ತಿಂದುಹೋಗುತ್ತದೆ. ಸಾಮಾನ್ಯ ರೋಡ್ ಫ್ರೇಮನ್ನು ಫಿಕ್ಸಿ ಮಾಡಿಸಿಕೊಂಡವರಿಗೆ ಪೆಡಲು ಇನ್ನೂ 15 ಮಿ.ಮೀ. ಕೆಳಗಿರುತ್ತದೆ. 170ರ ಬದಲು 165ರ ಕ್ರ್ಯಾಂಕ್ ಹಾಕಿಸುವುದು ಈ ಐದು ಮಿ.ಮೀ.ಗಾಗಿ.

ಬ್ರೇಕು

ಇಲ್ಲಿ ಚರ್ಚೆಗೆ ಜಾಗವಿಲ್ಲ. ಶೇ. 5ರ ಇಳಿಜಾರಿನಲ್ಲಿ ಗಂಟೆಗೆ 30 ಕಿ.ಮೀ. ಬರುತ್ತಿದ್ದರೆ, ಒಣ ರಸ್ತೆಯಲ್ಲಿ ಹಿಂದಿನ ಚಕ್ರವೊಂದನ್ನೇ ಜಾರಿಸಿ ನಿಲ್ಲಲು ಸುಮಾರು 17 ಮೀಟರ್ ಬೇಕು. ಮುಂದಿನ ಬ್ರೇಕಿನಲ್ಲಿ 8. ಆಟೋ ಎಡಕ್ಕೆ ಕೈ ತೋರಿಸದೆ ತಿರುಗುವುದು ಈ ಎರಡರ ನಡುವಿನ ಒಂಬತ್ತು ಮೀಟರಿನಲ್ಲಿ. ನಿಲ್ಲಿಸುವಾಗ ತೂಕವೆಲ್ಲ ಮುಂದಿನ ಚಕ್ರಕ್ಕೆ ಹೋಗುತ್ತದೆ, ಹಿಂದಿನದಕ್ಕೆ ಹಿಡಿತ ಉಳಿಯುವುದಿಲ್ಲ, ಅಭ್ಯಾಸದಿಂದ ಇದು ಬದಲಾಗುವಂಥದ್ದಲ್ಲ. ಬಿಚ್ಚಿಟ್ಟ ಬ್ರೇಕನ್ನು ಹೊಸ ಪ್ಯಾಡಿನೊಂದಿಗೆ ಮತ್ತೆ ಹಾಕಲಾಯಿತು. ಟೈರಿನ ಸವೆತವೂ ಅಲ್ಲಿಗೇ ಬಹುಪಾಲು ನಿಂತಿತು, ಜಾರಿಸುವ ಅಗತ್ಯವೇ ಬೀಳದ್ದರಿಂದ.

ಬ್ರೇಕಿನಿಂದ ಇನ್ನೊಂದು ಅನುಕೂಲ. ಸಿಗ್ನಲ್ಲಿನಲ್ಲಿ ನಿಂತಾಗ ಪೆಡಲು ಹೊರಡಲು ಬಾರದ ಜಾಗದಲ್ಲಿ ಸಿಕ್ಕಿಕೊಳ್ಳುತ್ತದೆ, ಫಿಕ್ಸಿಯಲ್ಲಿ ಹಿಂದಕ್ಕೆ ತಿರುಗಿಸಲು ಬರುವುದಿಲ್ಲ. ಮುಂದಿನ ಬ್ರೇಕು ಹಿಡಿದು ಹ್ಯಾಂಡಲ್ಲನ್ನು ಮುಂದಕ್ಕೆ ದೂಡಿದರೆ ಹಿಂದಿನ ಚಕ್ರ ಎರಡು ಬೆರಳಷ್ಟು ಮೇಲೇಳುತ್ತದೆ. ಅಷ್ಟರಲ್ಲಿ ಪೆಡಲಿನ ಪಟ್ಟಿಯೊಳಗೆ ಸಿಕ್ಕಿಸಿದ ಪಾದದಿಂದ ಪೆಡಲನ್ನು ಗಡಿಯಾರದ ಎರಡು ಗಂಟೆಯ ಜಾಗಕ್ಕೆ ಎತ್ತಿಕೊಳ್ಳಬೇಕು. ಏರಿನ ಬುಡದಲ್ಲಿ ಈ ಒಂದು ಚಲನೆ ಬಾರದವರೇ ಸಿಗ್ನಲ್ ಹಸಿರಾದಾಗ ಪಕ್ಕಕ್ಕೆ ವಾಲುವುದು.

ಮಳೆಗಾಲ

ಬೆಂಗಳೂರಿನಲ್ಲಿ ಅತಿ ಹೆಚ್ಚು ಮಳೆ ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ, ಅದೂ ಸಂಜೆಯ ಹೊತ್ತಿಗೆ, ಸರಿಯಾಗಿ ವಾಪಸ್ಸು ಬರುವಾಗ. ನೀರು ತುಂಬಿದ ತಗ್ಗಿನಲ್ಲಿ ಗುಂಡಿ ಕಾಣದು. ಬೇಸಿಗೆ ಮಳೆಗೆ ಉದುರಿದ ಹೂವಿನ ಹಾಸು ನೋಡಲು ಚೆಂದ, ಟೈರಿಗೆ ಬೆಣ್ಣೆ. ಇಂಥಲ್ಲಿ ಹಿಂದಿನ ಚಕ್ರ ಜಾರಿಸುವುದನ್ನು ಪೂರ್ತಿ ಬಿಡಬೇಕು. ನಿಧಾನ ತಡೆಯಲು ಮಾತ್ರ ಫಿಕ್ಸಿ ಚೆನ್ನಾಗಿ ಕೆಲಸ ಮಾಡುತ್ತದೆ, ರಿಮ್ ಒದ್ದೆಯಾದರೂ ಕಾಲು ಒದ್ದೆಯಾಗಿ ಜಾರುವುದಿಲ್ಲ. 85 ಕೆ.ಜಿ.ಗೆ 28ರ ಟೈರಿನಲ್ಲಿ ಹಿಂದೆ 85 ಪಿ.ಎಸ್.ಐ., ಮುಂದೆ 70 ಗಾಳಿ ಹಿಡಿಸುತ್ತಿದ್ದದ್ದನ್ನು ಮಳೆಯಲ್ಲಿ ಐದೈದು ಇಳಿಸಲಾಯಿತು.

ಈ ಹಬ್ಬಿಗೆ ಎರಡೂ ಬದಿ ಥ್ರೆಡ್ ಇದೆ. ಇನ್ನೊಂದು ಬದಿಗೆ 18 ಹಲ್ಲಿನ ಫ್ರೀವೀಲ್ ಕೂರಿಸಿದೆ. ಚಕ್ರ ಬಿಚ್ಚಿ ತಿರುಗಿಸಿ ಹಾಕಿದರೆ ಸಿಂಗಲ್ ಸ್ಪೀಡ್. 15ರ ಸ್ಪ್ಯಾನರ್ ಒಂದು ಸಾಕು. ಹಲ್ಲಿನ ವ್ಯತ್ಯಾಸ ಒಂದೇ ಆದ್ದರಿಂದ ಚಕ್ರ ಮೂರು ಮಿ.ಮೀ. ಹಿಂದಕ್ಕೆ ಹೋದರೆ ಚೈನು ಅದೇ ಬಿಗಿಗೆ ಬರುತ್ತದೆ. ಆದರೆ ಫ್ರೀವೀಲ್ ಹಾಕಿದ ಕ್ಷಣ ಕಾಲಿನ ತಡೆ ಹೋಯಿತು, ಆದ್ದರಿಂದ ಹಿಂದೆಯೂ ಬ್ರೇಕು ಕಡ್ಡಾಯ. ಒಳಗಿನ ಮಾತು ಹೇಳುವುದಾದರೆ, ಬೆಂಗಳೂರಿನ ಹತ್ತರಲ್ಲಿ ಎಂಟು ಮಂದಿಗೆ ವರ್ಷವಿಡೀ ಈ ಬದಿಯೇ ಸರಿ. ಉಬ್ಬಿನ ಊರಿನಲ್ಲಿ ಪೆಡಲು ನಿಲ್ಲಿಸಲು ಬರುವುದು ಸಣ್ಣ ಸೌಲಭ್ಯವಲ್ಲ.

ಕಾಗ್, ದಾರಿ, ಬ್ರೇಕು ಮೂರೂ ಬದಲಾದ ಮೇಲೆ ಮೊಣಕಾಲ ನೋವು ಕೆಲವು ವಾರದಲ್ಲಿ ಇಳಿಯಿತು, ಚೈನು ಮತ್ತೆ ಕಳಚಿಲ್ಲ. ಬಗೆಹರಿಯದೆ ಉಳಿದದ್ದು ಒಂದು: ವಾರಕ್ಕೊಮ್ಮೆ ಗವಿಪುರದ ಕಡೆಯಿಂದ ಹನುಮಂತನಗರದ ಗುಡ್ಡದತ್ತ ಹತ್ತುವ ಅಡ್ಡರಸ್ತೆ. ಅದಕ್ಕೆ ಒಗ್ಗುವಷ್ಟು ಗೇರು ಇಳಿಸಿದರೆ ಉಳಿದ ಹತ್ತು ಕಿಲೋಮೀಟರ್ ಸುಮ್ಮನೆ ಕಾಲು ಗಿರಗಿಟ್ಟಲೆಯಾಗುತ್ತದೆ. ಅಲ್ಲಿ ಸವಾರ ಇಳಿದು ತಳ್ಳುತ್ತಾನೆ.